ಉಮದಿಯ ಕಿಟಕಿ

ಮೊದಲು ಸಿಕ್ಕಿದ್ದು ಚಾಸಿ, ಸೊಲ್ಲಾಪುರದ ಗುಜರಿಯಲ್ಲಿ.
ತೂಕದ ಕಟ್ಟೆಗೆ ಅದನ್ನು ಎಳೆಯುವಾಗ
ನಾನು ಪಕ್ಕದ ಹಳೇ ಫ್ಯಾನುಗಳ ದರ ಕೇಳುತ್ತ ನಿಂತಿದ್ದೆ.
ಬೇಕು ಅನ್ನುವುದು ಮುಖದ ಮೇಲೆ ಬಂತೋ
ಕಿಲೋಗೆ ಎರಡು ರೂಪಾಯಿ ಏರುತ್ತದೆ.
ಬಾಡಿಗೆ ಟೆಂಪೋದಲ್ಲಿ ಜತ್ತಕ್ಕೆ ತಂದು
ಲೇಥಿನ ಶೆಡ್ಡಿನೊಳಗೆ ಇಳಿಸಿ, ನಂಬರು ಒರೆಸಿ,
ಹೆಂಡತಿಗೆ ಹೇಳಿದೆ: ಜೋಂಗಾ.
ಅವಳು ಕೇಳಿದಳು: ಉಳದದ್ದು ಎಲ್ಲೈತಿ?

ಉಳಿದದ್ದು ಊರೂರಿಗೆ ಹಂಚಿಹೋಗಿತ್ತು,
ಪಾಲಾದ ಮನೆಯ ಪಾತ್ರೆಗಳ ಹಾಗೆ.

ಎಂಜಿನ್ನು ಸಂಖದ ಒಂದು ಬಾವಿಯ ದಂಡೆಯಲ್ಲಿ.
ಪೆಟ್ರೋಲಿಗೆ ಹುಟ್ಟಿದ ಆರು ಸಿಲಿಂಡರು
ಸೀಮೆಎಣ್ಣೆ ಕುಡಿದು ಕೆಮ್ಮುತ್ತ
ದಾಳಿಂಬೆಗೆ ನೀರೆತ್ತುತ್ತಿತ್ತು.
‘ಒಯ್ಯಾಕ ಅಡ್ಡಿಲ್ಲ, ಹಣ್ಣ ಇಳಿಯೂತನಕ ತಡಿ’ ಅಂದ ಮಲಕಾರಿ.
ನಾಲ್ಕು ತಿಂಗಳು ತಡೆದೆ.
ಭಾನುವಾರ ಹೋಗಿ ಹಣ್ಣು ಎಣಿಸಿ ಬರುತ್ತಿದ್ದೆ.

ಬಾನೆಟ್ಟು ಮಾಡಗ್ಯಾಳದಲ್ಲಿ, ಅಂಗಾತ;
ಗಿಣಿಮೂಗಿನ ಟಗರುಗಳು ಅದರಲ್ಲಿ ಹೊಟ್ಟು ತಿನ್ನುತ್ತಿದ್ದವು.
ಹೊಸ ಗೋದಲಿ ಒಂದು, ಮೇಲೆ ಐನೂರು.
ಟಗರೊಂದು ಮಾತ್ರ ವ್ಯವಹಾರಕ್ಕೆ ಒಪ್ಪದೆ
ನನ್ನ ಮೊಣಕಾಲಿಗೆ ಸಹಿ ಹಾಕಿತು.

ಮುಂದಿನ ಗಾಜಿನ ಚೌಕಟ್ಟು ಸಿಗಲಿಲ್ಲ.
ಹನ್ನೊಂದು ತಿಂಗಳು.
ಇಚಲಕರಂಜಿಯಲ್ಲಿ ಹೊಸದು ಬಡಿದು ಕೊಡುತ್ತೇವೆ ಅಂದರು;
ಅದು ಕಟ್ಟಿಸಿದ ಹಲ್ಲು. ಬೇಡ ಅಂದೆ.
ಒಂದು ದಿನ ಖಾಜಾಲಾಲನ ಫೋನು:
‘ಉಮದಿಯಾಗ ಒಂದ ಮನಿ ನೋಡೇನಿ.
ಕಿಟಕಿಗೆ ವೈಪರ್ ಅದಾವು.’

ಕಿಟಕಿಗೆ ವೈಪರ್ ಇದ್ದವು.
ಕೆಳಗೆ ಹೊಲಿಗೆ ಯಂತ್ರ, ಯಂತ್ರದ ಹಿಂದೆ ಮಹಾನಂದಾ,
ಬಾಯಲ್ಲಿ ಟಾಚಣಿ.
ಸಂತೆಯಲ್ಲಿ ನಲವತ್ತು ರೂಪಾಯಿಗೆ ತಂದದ್ದಂತೆ,
ಕಿಟಕಿ ಅಂತಲೇ ತಂದದ್ದು.
‘ಜೀಪಿಂದು? ಮತ್ತ ಈ ಕಡ್ಡಿ
ನೊಣಾ ಹೊಡ್ಯಾಕ ಅಂತ ತಿಳದಿದ್ನಿ.’
ನಾನು ಸಾವಿರ ಅಂದೆ, ಎರಡು ಅಂದೆ.
‘ಬೆಳಕ ಮಾರಿ ಏನ ಹೊಲೀಲಿ?’
ಚಹಾ ಬಂತು. ಆರಿತು.
ಬೇಕು ಅನ್ನುವುದು ಮುಖದ ಮೇಲೆ ಬಂದಾಗಿತ್ತು,
ಅವಳು ಅದನ್ನು ಕಣ್ಣಲ್ಲೇ ಟೇಪು ಹಿಡಿದು ಅಳೆದಿದ್ದಳು.
ಕೊನೆಗೆ ಟಾಚಣಿ ತೆಗೆದು ಹೇಳಿದಳು:
‘ಇಷ್ಟ ಬೆಳಕಿಂದ ಇನ್ನೊಂದ ಕೂಡ್ರಿಸಿ ಕೊಡು.
ಗಾಡಿ ಆದಮ್ಯಾಲೆ ಇಲ್ಲಿ ತಗೊಂಡ ಬಾ.
ಹದಿನೆಂಟ ವರ್ಷ ಈ ಗಾಜು ಒಂದ ಬೇವಿನ ಗಿಡಾ ತೋರಿಸೇತಿ.
ಬ್ಯಾರೆ ಏನರ ಗೊತ್ತೈತೇನ ಅದಕ್ಕ, ನೋಡ್ತೀನಿ.’

ಬಣ್ಣ ಕೆರೆದೆವು. ನೀಲಿ, ಅದರಡಿ ಬಿಳಿ,
ಯಾವುದೋ ಚುನಾವಣೆಯ ಅರ್ಧ ಅಕ್ಷರ,
ಅದರಡಿ ಹಸಿರು, ಹಸಿರಿನ ಮೇಲೆ
ಆಕಾಶ ತೋರುವ ಬಾಣ, ಸವೆದ ಅಂಕಿ.
ಪೇಂಟರ್ ದಸ್ತಗೀರನ ಕೈ ಅಲ್ಲಿ ನಿಂತಿತು.
ಈ ಹಸಿರು ಪಲ್ಟನ್ನಿನದು, ನಮ್ಮಂಥವರು ಬಳಿಯುವಂತಿಲ್ಲ.
ಅವನು ಒಂದು ಮುಷ್ಟಿ ಬೇದಾಣೆ ತಂದು
ಬಾನೆಟ್ಟಿನ ಮೇಲೆ ಹರಡಿದ: ‘ಇದು?’
ಹಸಿರು ಅನ್ನಲು ಬಾರದು, ಹಳದಿಯೂ ಅಲ್ಲ.
ಸಾಂಗಲಿಯ ಸಾಹೇಬರು ಕನ್ನಡಕ ತೆಗೆದು, ಹಾಕಿ,
ಕಾಗದದಲ್ಲಿ ‘ಪಿವಳಾ’ ಅಂತ ಬರೆದರು.
ಬಾಣದ ಮೇಲೆ ದಸ್ತಗೀರ ತೆಳ್ಳಗೆ ಒಂದೇ ಕೈ ಬಳಿದಿದ್ದ.
ಬಿಸಿಲು ಓರೆಯಾದಾಗ ಕಾಣುತ್ತದೆ.

ಲೀಟರಿಗೆ ಐದು ಕಿಲೋಮೀಟರು. ಲೆಕ್ಕ ಕೇಳಬೇಡಿ.

ಉಮದಿಯಲ್ಲಿ ಮಹಾನಂದಾ ಮೊದಲು
ಸಾಗವಾನಿ ಕಿಟಕಿಯ ತಕರಾರು ಹೇಳಿದಳು:
ಮಡಚುವುದಿಲ್ಲ, ವೈಪರ್ ಇಲ್ಲ.
ಆಮೇಲೆ ಸೆರಗು ಸಿಕ್ಕಿಸಿ ಹತ್ತಿದಳು.
ಗಾಜಿನ ಮೂಲೆಯ ರಬ್ಬರಿನಲ್ಲಿ ಉಳಿದಿದ್ದ
ಕೆಂಪು ದಾರದ ತುಂಡನ್ನು ಗುರುತು ಹಿಡಿದಳು,
ಕೀಳಲಿಲ್ಲ.
ನಾನು ಗೇರು ಹಾಕಿದೆ.
ಬೇವಿನ ಗಿಡ ಗಾಜಿನೊಳಗೆ ಮೆಲ್ಲಗೆ ಎಡಕ್ಕೆ ಸರಿದು
ಅಂಚು ದಾಟಿತು.
ಅವಳು ಹೊರಳಿ ನೋಡಿದಳು,
ಗಿಡ ಅಲ್ಲೇ ಇದೆಯೋ ಇಲ್ಲವೋ ಅಂತ.